ದುಡ್ಡು ಕೊಟ್ಟವರ ಕಿವಿಗೆ ಬೀಗ

ಆಡಿಯೋ ಸಿಡಿಯ ನಿಯಮಾವಳಿ ರೂಪುಗೊಂಡ 1980ರಲ್ಲಿ ಅದರೊಳಗೆ ನಕಲು ತಡೆಯುವ ವ್ಯವಸ್ಥೆಯನ್ನೇ ಇಟ್ಟಿರಲಿಲ್ಲ. 2001ರ ಹೊತ್ತಿಗೆ ಹಾಡಿನ ಕಂಪನಿಗಳಿಗೆ ಜ್ಞಾನೋದಯವಾಯಿತು. ಬಾಗಿಲೇ ಇಲ್ಲದ ಮನೆಗೆ ಬೀಗ ಹಾಕುವುದೆಂತು? ಹೊಸ್ತಿಲಿಗೆ ಎಣ್ಣೆ ಸವರಿದರು!

ಸವರಿದ್ದು ಹೀಗೆ: ಡಿಸ್ಕಿನ ಒಳಭಾಗದಲ್ಲಿ ಹಾಡುಗಳ ಸೆಷನ್ (ಬೇರೆಯಾಗಿ ಬರೆದ ಭಾಗ), ಹೊರ ಅಂಚಿನಲ್ಲಿ ಬೇಕೆಂದೇ ಕೆಡಿಸಿಟ್ಟ ಡೇಟಾ ಸೆಷನ್. ಬಡಪಾಯಿ ಸಿಡಿ ಪ್ಲೇಯರಿಗೆ ಮೊದಲ ಸೆಷನ್ನೇ ಪ್ರಪಂಚ, ನೆಮ್ಮದಿಯಾಗಿ ಹಾಡುತ್ತದೆ. ಕಂಪ್ಯೂಟರ್ ಡ್ರೈವ್ ಅತಿಬುದ್ಧಿವಂತ. ಕೊನೆಯ ಸೆಷನ್ ಹುಡುಕಿಕೊಂಡು ಹೋಗಿ ಅಲ್ಲೇ ಮುಗ್ಗರಿಸುತ್ತದೆ. ಎಷ್ಟೋ ಕಾರ್ ಸ್ಟೀರಿಯೋ, ಡಿವಿಡಿ ಪ್ಲೇಯರುಗಳ ಹೊಟ್ಟೆಯಲ್ಲಿರುವುದೂ ಅದೇ ಜಾತಿಯ ಡ್ರೈವ್. ನಕಲಿನ ಯೋಚನೆಯೇ ಇಲ್ಲದ ಅವೂ ಮೂಕವಾದವು. 2002ರಲ್ಲಿ ಗಾಯಕಿ ಸೆಲೀನ್ ಡಿಯಾನ್ ಆಲ್ಬಮ್ಮಿನ ಯುರೋಪಿನ ಪ್ರತಿ ಕೆಲವು ಐಮ್ಯಾಕ್ ಕಂಪ್ಯೂಟರುಗಳನ್ನು ಹ್ಯಾಂಗ್ ಮಾಡಿ, ಹೊರಬರಲೊಲ್ಲದೆ ಒಳಗೇ ಕೂತಿತು.

ಅದೇ ವರ್ಷ ಮದ್ದೂ ಸಿಕ್ಕಿತು: ಕಪ್ಪು ಮಾರ್ಕರ್. ಹೊಳೆಯುವ ಬದಿಯನ್ನು ಬೆಳಕಿಗೆ ಓರೆ ಹಿಡಿದರೆ, ಹಾಡು ಮುಗಿದು ಡೇಟಾ ಶುರುವಾಗುವಲ್ಲಿ ತೆಳ್ಳನೆಯ ಗೆರೆ ಕಾಣುತ್ತದೆ. ಕೆಟ್ಟ ಡೇಟಾ ಡ್ರೈವಿಗೆ ಕಾಣದಂತೆ ಅದರಾಚೆಗಷ್ಟೇ ಬಳಿಯಬೇಕು. ಕೈ ತುಸು ಒಳಗೆ ಜಾರಿದರೆ ಕೊನೆಯ ಹಾಡು ಶಿವಾರ್ಪಣ.

ಇನ್ನೊಂದು ಬೀಗ ಹೆಚ್ಚು ಕುತಂತ್ರಿ. ಸುಮಾರು 2.5 ಮಿಲಿಮೀಟರ್ ಉದ್ದದ ಗೀರನ್ನೂ ಪೂರ್ತಿ ಸರಿಪಡಿಸಿಕೊಳ್ಳುವ ಶಕ್ತಿ ಸಿಡಿಗಿದೆ. ಕಂಪನಿಯವರು ನಕಲು ಕೆಡಲೆಂದು ದತ್ತಾಂಶದಲ್ಲಿ ತಾವೇ ತಪ್ಪು ತುರುಕಿ, ಆ ಶಕ್ತಿಯಲ್ಲೊಂದು ಪಾಲನ್ನು ಮೊದಲೇ ತಿಂದುಬಿಟ್ಟರು. ಮುಂದೆ ನಿಜವಾದ ಗೀರು ಬಿದ್ದಾಗ, ಮಾಮೂಲಿ ಡಿಸ್ಕ್ ನುಂಗಿಕೊಳ್ಳುವ ಕಡೆ ಇದು ಟಿಕ್ ಟಿಕ್ ಎನ್ನುತ್ತದೆ. ಕೊಂಡವರು ಪ್ಲೇಯರನ್ನು ಬೈದುಕೊಳ್ಳುತ್ತಾರೆ.

2003ರ ಮೀಡಿಯಾಮ್ಯಾಕ್ಸ್ ಬೀಗವನ್ನು ಮುರಿಯಲು ಒಂದು ಬೆರಳು ಸಾಕಿತ್ತು. ಡಿಸ್ಕ್ ಹಾಕುವಾಗ ಶಿಫ್ಟ್ ಕೀ ಒತ್ತಿ ಹಿಡಿದರೆ ಅದರಲ್ಲಿದ್ದ ನಕಲು ತಡೆಯುವ ಪ್ರೋಗ್ರಾಮನ್ನು ವಿಂಡೋಸ್ ಓಡಿಸುತ್ತಿರಲಿಲ್ಲ, ಅಷ್ಟೇ. ಇದನ್ನು ಬರೆದ ಪ್ರಿನ್ಸ್‌ಟನ್ ವಿದ್ಯಾರ್ಥಿಗೆ ಕಂಪನಿ ಮೊಕದ್ದಮೆಯ ಬೆದರಿಕೆ ಹಾಕಿ, ಬೇಗನೆ ಹಿಂದೆ ಸರಿಯಿತು.

2005ರಲ್ಲಿ ಹಾಡಿನ ಕಂಪನಿ ಸೋನಿ ಬಿಎಂಜಿಯ ಡಿಸ್ಕುಗಳಲ್ಲಿ ಎಕ್ಸ್‌ಸಿಪಿ ಎಂಬ ಬೀಗ ಬಂತು. ಇದು ವಿಂಡೋಸಿನೊಳಗೆ ಅಡಗಿ ಕೂತು, ಹೆಸರು ಡಾಲರ್-ಸಿಸ್-ಡಾಲರ್ ($sys$) ಎಂದು ಶುರುವಾಗುವ ಯಾವ ಫೈಲನ್ನೂ ಕಣ್ಣಿಗೆ ಬೀಳದಂತೆ ಮಾಡುತ್ತಿತ್ತು. ಯಾರ ಫೈಲಾದರೂ ಸರಿ! ವೈರಸ್ ಬರೆಯುವವರು ಬಿಟ್ಟಿ ಬಾಡಿಗೆಮನೆ ಸಿಕ್ಕ ಖುಷಿಯಲ್ಲಿ ಅದೇ ಹೆಸರಿಟ್ಟುಕೊಂಡು ಬಂದರು. ಕಂಪನಿ ಕೊಟ್ಟ ತೆಗೆಯುವ ಉಪಕರಣ ಇನ್ನೂ ದೊಡ್ಡ ತೂತು ಕೊರೆಯಿತು. ಬೇಡಪ್ಪಾ ಎಂದು ಕೈಯಾರೆ ಅದರ ಫೈಲುಗಳನ್ನು ಅಳಿಸಿದರೆ, ಕಂಪ್ಯೂಟರಿನ ಪಾಲಿಗೆ ಸಿಡಿ ಡ್ರೈವೇ ಮಾಯ.