ಹಸಿರು ಕಂಡರೆ ಒತ್ತು

ಬೇಡವಾದದ್ದು ಬೇಕೇಬೇಕು ಅನ್ನಿಸುವುದಕ್ಕೆ ಎಷ್ಟು ದಿನ ಹಿಡಿಯುತ್ತೆ? ಕೊರೊನಾ ಲಸಿಕೆಯ ವಿಷಯದಲ್ಲಿ ಸುಮಾರು ಎರಡು ತಿಂಗಳು ಸಾಕಾಯಿತು.

2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಲಸಿಕೆ ಶುರುವಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಖಾಸಗಿಯಲ್ಲಿ 250 ರೂಪಾಯಿ. ಆದರೂ ನಮ್ಮ ಬೀದಿಯ ಹಿರಿಯರು ಹೊರಡಲೊಲ್ಲರು. ಒಬ್ಬರಿಗೆ ಶುಗರ್, ಒಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ಅಮಾವಾಸ್ಯೆ. "ಮೊದಲು ಬೇರೆಯವರು ತಗೊಳ್ಳಲಿ, ಏನಾಗುತ್ತೋ ನೋಡೋಣ" ಅನ್ನುವುದು ಎಲ್ಲರ ಮಾತು. ಎಲ್ಲರೂ ಹೀಗೇ ಅಂದರೆ ಆ ಬೇರೆಯವರು ಯಾರು ಅಂತ ಯಾರೂ ಕೇಳಲಿಲ್ಲ. ಆಶಾ ಕಾರ್ಯಕರ್ತೆ ಪಟ್ಟಿ ಹಿಡಿದು ಗೇಟಿನ ಹತ್ತಿರ ಬಂದರೆ ಸಾಕು, ನಮ್ಮ ದೊಡ್ಡಮ್ಮ ದೇವರ ಮನೆ ಸೇರಿಬಿಡುತ್ತಿದ್ದರು. "ಪೂಜೆಗೆ ಕೂತಿದ್ದಾರೆ ಅಂತ ಹೇಳೋ" ಅಂತ ಒಳಗಿನಿಂದಲೇ ಆಜ್ಞೆ. ಆ ತಿಂಗಳು ದೇವರಿಗೂ ಸಾಕಾಗಿರಬೇಕು.

ಆಗಿನ ಲಸಿಕೆ ಕೇಂದ್ರ ನೋಡುವ ಹಾಗಿತ್ತು. ಕೋವಿಶೀಲ್ಡ್‌ನ ಒಂದು ಪುಟ್ಟ ಬಾಟಲಿಯಲ್ಲಿ ಹತ್ತು ಡೋಸ್. ತೆರೆದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಮಿಕ್ಕಿದ್ದು ದಂಡ. ಹಾಗಾಗಿ ಹತ್ತು ಜನ ಕೂಡುವ ತನಕ ನರ್ಸಮ್ಮ ಬಾಟಲಿ ಮುಟ್ಟುತ್ತಿರಲಿಲ್ಲ. ಏಳೆಂಟು ಜನ ಬೆಂಚಿನ ಮೇಲೆ ಕೂತು, ಇಸ್ಪೀಟಿಗೆ ಒಂದು ಕೈ ಕಡಿಮೆ ಬಿದ್ದವರ ಹಾಗೆ, ಬಾಗಿಲ ಕಡೆಯೇ ನೋಡುತ್ತಿದ್ದರು. ಯಾರೋ ಕೆಮ್ಮಿನ ಔಷಧಿಗೆ ಅಂತ ಬಂದರೂ "ಬನ್ನಿ ಬನ್ನಿ, ವಯಸ್ಸೆಷ್ಟು?" ಅಂತ ಉಪಚಾರ.

ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂತು. ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಆ ದಿನಗಳ ಆಂಬುಲೆನ್ಸ್ ಸದ್ದು ಬೆಂಗಳೂರಿನಲ್ಲಿದ್ದವರಿಗೆ ಈಗಲೂ ಕಿವಿಯಲ್ಲಿದೆ. ಲಸಿಕೆಯ ಭಯಕ್ಕಿಂತ ಕಾಯಿಲೆಯ ಭಯ ದೊಡ್ಡದಾಯಿತು, ಅದು ಸಹಜ. ಆದರೆ ನನ್ನ ಗುಮಾನಿಯೇ ಬೇರೆ. ಕಾಯಿಲೆಯ ಭಯ ಅರ್ಧ ಕೆಲಸ ಮಾಡಿತು. ಉಳಿದರ್ಧ ಮಾಡಿದ್ದು ಲಸಿಕೆಗೆ ಹೆಸರು ಬರೆಸುವ ಸರ್ಕಾರಿ ಪೋರ್ಟಲ್ ಕೋವಿನ್‌ನ ಪರದೆಯ ಮೇಲೆ ಕೆಂಪಗೆ ಬರುತ್ತಿದ್ದ 'ಬುಕ್ಡ್' ಅನ್ನುವ ಪದ. ಅದನ್ನು ನೋಡಿದ ಮೇಲೆ ನಮ್ಮ ಜನ ಸುಮ್ನೆ ಇರುತ್ತಾರಾ?

ಹದಿನೆಂಟು ದಾಟಿದವರಿಗೆ ನೋಂದಣಿ ಶುರುವಾದದ್ದು ಏಪ್ರಿಲ್ 28ರ ಸಂಜೆ 4 ಗಂಟೆಗೆ. ದೇಶದ ಯುವಜನರೆಲ್ಲ ಒಟ್ಟಿಗೇ ಒಳಗೆ ನುಗ್ಗಿದರು. ಪೋರ್ಟಲ್ ಕೈಕಾಲು ಬಿಟ್ಟಿತು. ಆಮೇಲೆ ಸುಧಾರಿಸಿಕೊಂಡು ಮೊದಲ ದಿನವೇ ಒಂದು ಕೋಟಿಗಿಂತ ಜಾಸ್ತಿ ಜನರ ಹೆಸರು ಬರೆದುಕೊಂಡಿತು. ಹೆಸರು ಬರೆಸಿದವರೆಲ್ಲ "ನಂದಾಯ್ತು" ಅಂತ ಕಾಲು ಚಾಚಿ ಕೂತರು. ಹೆಸರು ಬರೆಸುವುದು ಬೇರೆ, ಸ್ಲಾಟ್, ಅಂದರೆ ಚುಚ್ಚಿಸಿಕೊಳ್ಳಲು ದಿನ, ಜಾಗ ಸಿಗುವುದು ಬೇರೆ ಅಂತ ಗೊತ್ತಾದದ್ದು ಆಮೇಲೆ.

ನಮ್ಮ ಮನೆಯಲ್ಲಿ ಸ್ಲಾಟ್ ಹಿಡಿಯುವ ಕೆಲಸ ಅಕ್ಕನ ಮಗನದು. ಅವನು ಸಾಫ್ಟ್‌ವೇರ್‌ನವನು, ಮನೆಯಿಂದಲೇ ಕೆಲಸ. ಒಂದು ಮೊಬೈಲ್ ನಂಬರಿನಲ್ಲಿ ನಾಲ್ಕು ಜನರ ಹೆಸರು ಸೇರಿಸಬಹುದಿತ್ತು. ಅವನ ನಂಬರಿಗೆ ನಮ್ಮವರಷ್ಟೇ ಅಲ್ಲ, ಕೆಳಗಿನ ಮನೆಯವರೂ ಸೇರಿಕೊಂಡರು. ಲಾಗಿನ್ ಆಗಲು ಓಟಿಪಿ ಬೇಕು. ಅದಕ್ಕೆ 180 ಸೆಕೆಂಡಿನ ಗಡುವು, ಅಷ್ಟೂ ಸೆಕೆಂಡು ಕಣ್ಣೆದುರೇ ಕರಗುತ್ತಿದ್ದವು. ಒಳಗೆ ಹೋದ ಮೇಲೆ ಪಿನ್‌ಕೋಡ್ ಹಾಕಬೇಕು, ಇಲ್ಲವೇ ಜಿಲ್ಲೆ ಆರಿಸಬೇಕು. ಬೆಂಗಳೂರು ಒಂದೇ ಊರು ಅಂದುಕೊಂಡಿದ್ದ ನಮಗೆ ಅದು ಬಿಬಿಎಂಪಿ, ನಗರ, ಗ್ರಾಮಾಂತರ ಅಂತ ಮೂರು ಹೋಳಾಗಿ ಕಂಡಿತು. ಮೂರರಲ್ಲೂ ಸಾಲಾಗಿ ಕೆಂಪು. ಎಲ್ಲೋ ಒಂದು ಮೂಲೆಯಲ್ಲಿ ಹಸಿರು ಬಣ್ಣದಲ್ಲಿ ಒಂದು ಸಂಖ್ಯೆ ಹೊಳೆಯುತ್ತಿತ್ತು. ಒತ್ತಿದರೆ ಕ್ಯಾಪ್ಚಾ. ಗೀಟು ಹೊಡೆದ ಆ ಅಕ್ಷರಗಳಲ್ಲಿ ಅದು ಇಂಗ್ಲಿಷಿನ ಚಿಕ್ಕ 'ಎಲ್' ಅಕ್ಷರವೋ, ದೊಡ್ಡ 'ಐ' ಅಕ್ಷರವೋ ಅಂತ ನೋಡುವಷ್ಟರಲ್ಲಿ ಹಸಿರು ಕೆಂಪಾಗಿರುತ್ತಿತ್ತು. "ಮಾಮ, ನಂಗೆ ಮನುಷ್ಯ ಅಂತ ಸಾಬೀತು ಮಾಡೋಕೆ ಟೈಮ್ ಸಾಕಾಗ್ತಿಲ್ಲ" ಅಂದ ಅವನು. ಅಷ್ಟು ಹೊತ್ತಿಗೆ ಅವನ ಮುಖ ನೋಡಿದರೆ ನನಗೂ ಅನುಮಾನವಿತ್ತು.

ಟೆಲಿಗ್ರಾಂನಲ್ಲಿ ಇದಕ್ಕೇ ಗುಂಪುಗಳು ಹುಟ್ಟಿದವು. ಸ್ಲಾಟ್ ತೆರೆದ ಕೂಡಲೇ ಅಲ್ಲಿ 'ಟಿಂಗ್' ಅಂತ ಸದ್ದು. ನಮ್ಮ ಮನೆಯಲ್ಲಿ ಆ ಸದ್ದಿಗೆ ಕುಕ್ಕರಿನ ಸೀಟಿಗಿಂತ ಜಾಸ್ತಿ ಮರ್ಯಾದೆ ಇತ್ತು. ಗುಂಪಿನಲ್ಲಿದ್ದ ಎಲ್ಲರಿಗೂ ಒಟ್ಟಿಗೇ ಟಿಂಗ್ ಅನ್ನುತ್ತೆ, ಸ್ಲಾಟ್ ಮಾತ್ರ ಅಷ್ಟೇ ಇರುತ್ತೆ ಅನ್ನುವ ಸಣ್ಣ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಬೆರಳು ಚುರುಕಾಗಿದ್ದವನು ಗೆದ್ದ. ಲಸಿಕೆ ಯಾರಿಗೆ ಮೊದಲು ಬೇಕೋ ಅವರಿಗೆ ಸಿಗಬೇಕು ಅನ್ನುವುದು ನ್ಯಾಯ. ವೈಫೈ ಚೆನ್ನಾಗಿದ್ದವರಿಗೆ ಮೊದಲು ಸಿಗುವುದು ಯಾವ ನ್ಯಾಯವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಂದ ಹಾಗೆ, ಆ ಪೋರ್ಟಲ್ ಕನ್ನಡ ಕಲಿತದ್ದು ಜೂನ್ ತಿಂಗಳಲ್ಲಿ. ಅಷ್ಟರಲ್ಲಿ ನಮ್ಮ ಬೀದಿಯ ಹೂವಿನವಳೂ ಅದರ ಇಂಗ್ಲಿಷ್ ಕಲಿತಾಗಿತ್ತು.

ನಮ್ಮ ಹುಡುಗನಿಗೆ ಕೊನೆಗೂ ಸ್ಲಾಟ್ ಸಿಕ್ಕಿದ್ದು ದೊಡ್ಡಬಳ್ಳಾಪುರದ ಕಡೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ. ರಾಜ್ಯದ ಸರ್ಕಾರಿ ಕೇಂದ್ರಗಳಲ್ಲಿ ಅವನ ವಯಸ್ಸಿನವರಿಗೆ ಮೇ 10ಕ್ಕೆ ಶುರುವಾಗಿ, ದಾಸ್ತಾನಿಲ್ಲದೆ 14ರಿಂದ ನಿಂತೇಹೋಯಿತು. ಆ ಕಿಂಡಿಯಲ್ಲಿ ಇವನು ತೂರಿದ. ಲಾಕ್‌ಡೌನ್ ಇತ್ತು. ಪೊಲೀಸರಿಗೆ ಮೊಬೈಲಿನ ಮೆಸೇಜ್ ತೋರಿಸುತ್ತಾ ಕಾರಿನಲ್ಲಿ ಹೋದೆವು. ಅಲ್ಲಿ ನೋಡಿದರೆ ಎಲ್ಲ ನಮ್ಮಂಥವರೇ. ಕಾರಿನ ಸಾಲು, ಕೈಯಲ್ಲಿ ಸ್ಯಾನಿಟೈಸರ್, ಬಾಯಲ್ಲಿ "ನೀವು ಯಾವ ಲೇಔಟು?" ಊರಿನವರು ಆಚೆ ನಿಂತು ನೋಡುತ್ತಿದ್ದರು. ಒಬ್ಬ ಯಜಮಾನರು ನೇರವಾಗಿ ಕೇಳಿದರು: "ನಮ್ಮೂರ ಆಸ್ಪತ್ರೆ ಕಣ್ರಪ್ಪ ಇದು. ನಮ್ ಹುಡುಗ್ರಿಗೆ ಇಲ್ವಂತೆ, ನಿಮಗೆ ಐತಂತೆ. ಹೆಂಗೆ?" ನಮ್ಮ ಹುಡುಗ ಆ್ಯಪ್, ಓಟಿಪಿ, ನಾಲ್ಕಂಕಿಯ ಗುಪ್ತ ಸಂಖ್ಯೆ ಅಂತ ವಿವರಿಸಲು ಹೋದ. ಯಜಮಾನರು ಪೂರ್ತಿ ಕೇಳಿಸಿಕೊಂಡು, "ಓ, ಫೋನಿಗೆ ಕೊಡ್ತಾರೆ ಅನ್ನಿ" ಅಂದರು. ಇಷ್ಟು ಸರಿಯಾಗಿ ಯಾವ ಪತ್ರಿಕೆಯವರೂ ಬರೆಯಲಿಲ್ಲ. ನಾವು ತಲೆ ತಗ್ಗಿಸಿ ಒಳಗೆ ಹೋದೆವು. ಹೋದೆವು ಅನ್ನುವುದೂ ನಿಜ.

ಇತ್ತ ದೊಡ್ಡಮ್ಮನದು ಬೇರೆ ರಾಮಾಯಣ. ದೇವರ ಮನೆಯಿಂದ ಹೊರಬಂದು ಏಪ್ರಿಲ್‌ನಲ್ಲಿ ಒಂದು ಡೋಸ್ ತಗೊಂಡಿದ್ದರು. ಈಗ ಎರಡನೆಯದು ಬೇಕೇಬೇಕು, ಇವತ್ತೇ ಬೇಕು. ಕೋವಿಶೀಲ್ಡ್‌ಗೆ ಮೊದಲು ನಾಲ್ಕರಿಂದ ಆರು ವಾರದ ಅಂತರ ಅಂದಿದ್ದರು. ಮಾರ್ಚ್ ಕೊನೆಗೆ ಆರರಿಂದ ಎಂಟು ಅಂದರು. ಮೇ 13ಕ್ಕೆ ಹನ್ನೆರಡರಿಂದ ಹದಿನಾರು ಅಂತ ಆಯಿತು. ಅಂತರ ಹೆಚ್ಚಿದರೆ ರಕ್ಷಣೆಯೂ ಹೆಚ್ಚು ಅಂತ ತಜ್ಞರ ವಿವರಣೆ. ದೊಡ್ಡಮ್ಮ ಕ್ಯಾಲೆಂಡರ್ ಮುಂದೆ ನಿಂತು, "ಇಲ್ಲದಾಗ ಎಲ್ಲದಕ್ಕೂ ಒಂದು ಶಾಸ್ತ್ರ ಹುಟ್ಟುತ್ತೆ ಬಿಡು" ಅಂದರು. ತಜ್ಞರ ಮಾತು ತಪ್ಪು ಅಂತ ನಾನು ಹೇಳುವುದಿಲ್ಲ. ದೊಡ್ಡಮ್ಮನದು ತಪ್ಪು ಅಂತ ಹೇಳುವ ಧೈರ್ಯವೂ ಇಲ್ಲ.

ಜೂನ್ 21ರಿಂದ ಹದಿನೆಂಟು ದಾಟಿದ ಎಲ್ಲರಿಗೂ ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆಯಾಯಿತು. ಪೂರೈಕೆ ಹೆಚ್ಚಾಯಿತು. ಅಕ್ಟೋಬರ್ 21ಕ್ಕೆ ದೇಶದಲ್ಲಿ ನೂರು ಕೋಟಿ ಡೋಸ್ ದಾಟಿತು. ಪರದೆ ತುಂಬ ಹಸಿರು. ಟೆಲಿಗ್ರಾಂ ಗುಂಪುಗಳಲ್ಲಿ ಟಿಂಗ್ ಅನ್ನುವುದು ನಿಂತು, ಗುಡ್ ಮಾರ್ನಿಂಗ್ ಮೆಸೇಜು ಶುರುವಾದವು. ನವೆಂಬರ್ ಹೊತ್ತಿಗೆ ಎರಡನೇ ಡೋಸ್ ಮರೆತವರನ್ನು ಹುಡುಕಿಕೊಂಡು ಆರೋಗ್ಯ ಕಾರ್ಯಕರ್ತೆಯರೇ ಮನೆಮನೆಗೆ ಬರತೊಡಗಿದರು.

2022ರ ಜುಲೈ 15ರಿಂದ 75 ದಿನ ವಯಸ್ಕರಿಗೆಲ್ಲ ಮೂರನೇ ಡೋಸ್ ಪುಕ್ಕಟೆ ಅಂದಾಗ ನಾನೂ ದೊಡ್ಡಮ್ಮನೂ ಹತ್ತಿರದ ಕೇಂದ್ರಕ್ಕೆ ಹೋದೆವು. ಅಪಾಯಿಂಟ್‌ಮೆಂಟು ಗಿಪಾಯಿಂಟ್‌ಮೆಂಟು ಏನೂ ಇಲ್ಲ. ನರ್ಸಮ್ಮ ನಮ್ಮನ್ನು ಕೂರಿಸಿ, ಬೆಂಚಿನ ಮೇಲಿದ್ದವರನ್ನು ಎಣಿಸಿ, "ಇನ್ನೊಬ್ಬರು ಬಂದರೆ ಬಾಟಲಿ ತೆಗೀಬಹುದು ಸರ್, ಮನೇಲಿ ಯಾರಾದ್ರೂ ಇದ್ದಾರಾ?" ಅಂದರು. ಅಕ್ಕನ ಮಗನಿಗೆ ಫೋನು ಮಾಡಿದೆ. ಮನೆಯಿಂದ ಐದು ನಿಮಿಷದ ದಾರಿ.

"ಇವತ್ತು ಆಗಲ್ಲ ಮಾಮ, ಮೀಟಿಂಗ್ ಇದೆ" ಅಂದ. "ಮನೆಗೇ ಬಂದು ಹಾಕೋದಿಲ್ವಾ ಅಂತ ಕೇಳಿ ನೋಡು."