ಸ್ಕಾಲರ್‌ಶಿಪ್ ಬಂತು, ಹುಡುಗ ಹೋಗಿಯಾಗಿತ್ತು

ನಮ್ಮದು ಡಿಗ್ರಿ ಕಾಲೇಜಿನ ಎದುರಿಗೆ ಒಂದು ಜೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಹೆಬ್ಬೆಟ್ಟಿನ ಮಷಿನ್. ಎಸ್‌ಎಸ್‌ಪಿ, ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟಿನಲ್ಲಿ ಅರ್ಜಿ ಶುರುವಾಯಿತು ಅಂದರೆ ನನಗೆ ಸೀಸನ್. ಅರ್ಜಿಗೆ 50 ರೂಪಾಯಿ ತಗೊಳ್ಳುತ್ತೇನೆ. ಮೊದಲೇ ಹೇಳಿಬಿಟ್ಟೆ, ಆಮೇಲೆ ಕೆಳಗೆ ಕಾಮೆಂಟಿನಲ್ಲಿ ಬಂದು ಯಾರೂ ಲೆಕ್ಕ ಕೇಳಬೇಡಿ.

ಮೊನ್ನೆ ಸೈಟಿನ ಪತ್ರ ಜೆರಾಕ್ಸ್ ಮಾಡಿಸಲು ಬಂದಿದ್ದ ಯಜಮಾನರೊಬ್ಬರು ಅಂಗಡಿ ತುಂಬ ನಿಂತಿದ್ದ ಮಕ್ಕಳನ್ನು ನೋಡಿ, "ಎಲ್ಲಾ ಬಿಟ್ಟಿ ಕೊಟ್ಟು ಕೊಟ್ಟು ಹಾಳು ಮಾಡಿದ್ರು ಕಣ್ರೀ, ನಮ್ಮ ಟ್ಯಾಕ್ಸ್ ದುಡ್ಡು" ಅಂದರು. ನಾನು ಸುಮ್ನೆ ನಕ್ಕೆ. ಗಿರಾಕಿ ಅಲ್ವಾ. ಅದೇ ಹೊತ್ತಿಗೆ ನನ್ನ ಪಕ್ಕದಲ್ಲಿ ಎರಡನೇ ಬಿಕಾಂ ಹುಡುಗಿಯೊಬ್ಬಳು ಫೋನ್ ಕಿವಿಗಿಟ್ಟುಕೊಂಡು, "ಅಪ್ಪಾ, ಗುಡ್ಡದ ಮೇಲೆ ಹೋಗಿ ನಿಂತ್ಕೋ, ಈಗ ಬರುತ್ತೆ ನೋಡು" ಅನ್ನುತ್ತಿದ್ದಳು. ಅವಳ ಆಧಾರ್‌ಗೆ ಕೊಟ್ಟಿರುವುದು ಅಪ್ಪನ ನಂಬರ್. ಅಪ್ಪ ಇರುವುದು ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ. ಒಟಿಪಿ ಅಲ್ಲಿಗೆ ಹೋಗಬೇಕು, ನೆಟ್‌ವರ್ಕ್ ಸಿಗಬೇಕು, ಅವರು ಅಂಕಿ ಓದಿ ಹೇಳಬೇಕು, ಅಷ್ಟರಲ್ಲಿ ಟೈಮ್ ಮುಗಿಯಬಾರದು. ಮೂರು ಸಲ ಕೆಟ್ಟಿತು. ನಾಲ್ಕನೇ ಸಲ ಅಪ್ಪ 6 ಇದ್ದದ್ದನ್ನು 9 ಅಂದುಬಿಟ್ಟರು.

ಬಿಟ್ಟಿ ಅಂತಾರಲ್ಲ, ಅದಕ್ಕೆ ಏನೇನು ಬೇಕು ಗೊತ್ತಾ? ನಾಡಕಚೇರಿಯ ಜಾತಿ, ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್. ಆಧಾರ್‌ನಲ್ಲೂ ಮಾರ್ಕ್ಸ್ ಕಾರ್ಡಿನಲ್ಲೂ ಒಂದೇ ಹೆಸರು, ಇನಿಶಿಯಲ್ ಹಿಂದೆ ಮುಂದೆ ಆದರೂ ತಕರಾರು. ದಾಖಲೆಗಳು ಅಸಲಿ ಅಂತ ಆನ್‌ಲೈನಿನಲ್ಲಿ ಇ-ದೃಢೀಕರಣ. ಇಷ್ಟೆಲ್ಲ ಆಗಿ ದುಡ್ಡು ಬಂದರೆ ಅದು ಬೀಳುವುದು ಕೈಯಲ್ಲಿರುವ ಪಾಸ್‌ಬುಕ್ಕಿನ ಖಾತೆಗಲ್ಲ, ಆಧಾರ್ ಜೋಡಣೆಯಾದ ಖಾತೆಗೆ. ಎಷ್ಟೋ ಮಕ್ಕಳಿಗೆ ಅದು ಹೈಸ್ಕೂಲಲ್ಲಿ ಮೇಷ್ಟ್ರು ತೆಗೆಸಿಕೊಟ್ಟ ಖಾತೆ, ಈಗ ಅದರ ಪಾಸ್‌ಬುಕ್ ಎಲ್ಲಿದೆಯೋ ದೇವರೇ ಬಲ್ಲ.

ಇರಲಿ. ಸುಳ್ಳು ಅರ್ಜಿ ತಡೆಯಬೇಕು, ಒಪ್ಪುತ್ತೇನೆ. ನನ್ನ ಸಿಟ್ಟು ದುಡ್ಡು ಬರುವ ತಿಂಗಳಿನ ಮೇಲೆ.

ಫೀ ಕಟ್ಟುವುದು ಕಾಲೇಜಿಗೆ ಸೇರುವ ದಿನ. ರೂಮಿನ ಬಾಡಿಗೆ ತಿಂಗಳಿನ ಐದನೇ ತಾರೀಕು. ಸ್ಕಾಲರ್‌ಶಿಪ್ ಮಾತ್ರ ವರ್ಷ ಮುಗಿಯುವಾಗ, ಕೆಲವು ಸಲ ಮುಗಿದ ಮೇಲೆ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ, ವಸತಿಗೆ ಅಂತ ವಿದ್ಯಾಸಿರಿ ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ 15,000 ಅಂತ ಲೆಕ್ಕ. ತಿಂಗಳ ಲೆಕ್ಕದ ದುಡ್ಡು, ಆದರೆ ತಿಂಗಳು ತಿಂಗಳು ಬರಲ್ಲ! ಅಲ್ಲಿಯವರೆಗೆ ಅಮ್ಮ ಸಂಘದಲ್ಲಿ ಸಾಲ ತೆಗೆದಿರುತ್ತಾಳೆ, ವಾರ ವಾರ ಕಂತು. ಅಂದರೆ ಯಜಮಾನರ ಟ್ಯಾಕ್ಸ್ ದುಡ್ಡಿನಲ್ಲಿ ಒಂದು ಪಾಲು ಬಡ್ಡಿಗೇ ಹೋಯಿತು. ಎಸ್‌ಸಿ ಮಕ್ಕಳಿಗೆ ಹತ್ತನೇ ಕ್ಲಾಸಿನ ನಂತರದ ಓದಿಗೆ ಕೊಡುವ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ದು ಇನ್ನೊಂದು ಕಥೆ. ಅದರಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40. ರಾಜ್ಯ ತನ್ನ ಪಾಲು ಹಾಕಿದ ಮೇಲೇ ಕೇಂದ್ರ ತನ್ನದನ್ನು ಬಿಡುವುದು. ಇಲ್ಲಿ ಒಂದು ಫೈಲ್ ನಿಂತರೆ ಅಲ್ಲಿಯದೂ ನಿಂತಂತೆ.

ಶಿಕ್ಷಣಕ್ಕೆ ದೇಶದ ಆದಾಯದ 6% ಖರ್ಚು ಮಾಡಿ ಅಂತ ಕೊಠಾರಿ ಆಯೋಗ 1966ರಲ್ಲಿ ಹೇಳಿತು. 2020ರ ಹೊಸ ಶಿಕ್ಷಣ ನೀತಿಯೂ ಅದೇ 6% ಅಂದಿತು. 54 ವರ್ಷ ಆದಮೇಲೂ ಅದೇ ಗುರಿ ಅಂದರೆ ಬಿಟ್ಟಿ ಎಷ್ಟು ಜಾಸ್ತಿ ಆಗಿದೆ ಅಂತ ನೀವೇ ನೋಡಿ.

ನಮ್ಮ ಅಂಗಡಿಗೆ ಬರುತ್ತಿದ್ದ ಬಿಎ ಹುಡುಗನೊಬ್ಬ ಎರಡನೇ ವರ್ಷ ಅರ್ಧಕ್ಕೇ ಬಿಟ್ಟು ಬೆಂಗಳೂರಿಗೆ ಡೆಲಿವರಿ ಕೆಲಸಕ್ಕೆ ಹೋದ. ಆರು ತಿಂಗಳ ಮೇಲೆ ಗಣಪತಿ ಹಬ್ಬಕ್ಕೆ ಊರಿಗೆ ಬಂದವನು ಫೋನ್ ಹಿಡಿದು ಅಂಗಡಿಗೇ ಬಂದ. "ಅಣ್ಣಾ, ನೀನು ಹಾಕಿದ್ದೆಯಲ್ಲ, ದುಡ್ಡು ಬಿತ್ತು ನೋಡು." ಖುಷಿಯಾಗೇ ಇದ್ದ. ಏನು ಮಾಡ್ತೀಯೋ ಅಂದೆ. ಗಾಡಿಗೆ ಎರಡು ಟೈರ್ ಹಾಕಿಸ್ತೀನಿ ಅಂದ.

ನಮ್ಮ ತಾತ ತುಮಕೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ವಾರಾನ್ನ ಎಲ್ಲ ಜಾತಿಯ ಮಕ್ಕಳಿಗೂ ಸಿಗುತ್ತಿರಲಿಲ್ಲ, ಅದು ಗೊತ್ತು, ಅದಕ್ಕೇ ಸರ್ಕಾರ ಬೇಕು ಅನ್ನುವವನು ನಾನು. ಆದರೆ ಒಂದು ಮಾತು. ಸೋಮವಾರದ ಮನೆಯವರು ಊಟವನ್ನು ಸೋಮವಾರವೇ ಹಾಕುತ್ತಿದ್ದರು.

ಎರಡನೇ, ಮೂರನೇ ವರ್ಷದ ಮಕ್ಕಳದ್ದೆಲ್ಲ ಕಂಪ್ಯೂಟರಿನಲ್ಲಿ ಮೊದಲೇ ಇದೆ. ಆದಾಯ ಸರ್ಟಿಫಿಕೇಟು 5 ವರ್ಷ ನಡೆಯುತ್ತದೆ. ಪಾಸಾಗಿದ್ದಾರಾ, ಕಾಲೇಜಿಗೆ ಬಂದಿದ್ದಾರಾ ಅಂತ ನೋಡಿ ಅರ್ಧ ದುಡ್ಡನ್ನು ಸೇರಿದ ತಿಂಗಳೇ ಹಾಕಿದರೆ ಏನು ಕಷ್ಟ? ಉಳಿದದ್ದನ್ನು ಪರಿಶೀಲನೆ ಆದಮೇಲೆ ಕೊಡಲಿ. ಮಕ್ಕಳು ಅರ್ಜಿ ಹಾಕುವುದಕ್ಕೆ ಕೊನೆಯ ದಿನ ಇಡುವವರು ದುಡ್ಡು ಹಾಕುವುದಕ್ಕೂ ಒಂದು ಕೊನೆಯ ದಿನ ಬರೆದು ಹಾಕಲಿ.

ಆ ಹುಡುಗಿಯ ಒಟಿಪಿ ಐದನೇ ಸಲಕ್ಕೆ ಸರಿಹೋಯಿತು. ಅರ್ಜಿ ಈಗ ಕಾಲೇಜಿನ ಲಾಗಿನ್‌ನಲ್ಲಿ ಪೆಂಡಿಂಗ್ ಇದೆ. ಈ ವರ್ಷ ಅರ್ಜಿ ಹಾಕುವವರು ಮೊದಲು ಬ್ಯಾಂಕಿಗೆ ಹೋಗಿ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಕೇಳಿಕೊಂಡು ಬನ್ನಿ. ಆಧಾರ್‌ಗೆ ನಿಮ್ಮದೇ ನಂಬರ್ ಹಾಕಿಸಿ. ಅಂಗಡಿ ರಾತ್ರಿ ಒಂಬತ್ತರವರೆಗೆ ತೆಗೆದಿರುತ್ತೆ.