ಇನ್ನು ಎರಡೇ ತಿರುವು

ಹಿಮಾಚಲದವರು ಸುಳ್ಳು ಹೇಳುವ ಜನರಲ್ಲ. ಆದರೆ ಸೈಕಲ್ ತುಳಿದು ಘಾಟಿ ಹತ್ತುತ್ತಿರುವವನು "ತುದಿ ಇನ್ನೆಷ್ಟು ದೂರ?" ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಇನ್ನು ಎರಡೇ ತಿರುವು." ಆನಿಯಿಂದ ಜಲೋಡಿ ಘಾಟಿಗೆ ಹತ್ತುವಾಗ ಸೇಬಿನ ಪೆಟ್ಟಿಗೆಗಳನ್ನು ಲಾರಿಗೆ ಏರಿಸುತ್ತಿದ್ದವನು ಹೀಗೆಂದ. ಹುಲ್ಲಿನ ಹೊರೆ ಹೊತ್ತ ಅಜ್ಜಿ ಹೀಗೆಂದರು. ಶಾಲೆ ತಪ್ಪಿಸಿ ರೇಸ್ ನೋಡಲು ನಿಂತಿದ್ದ ಹುಡುಗರು ಒಕ್ಕೊರಲಿನಿಂದ ಹೀಗೆಂದರು. ನಡುವೆ ಐದಾರು ಕಿಲೋಮೀಟರ್ ಸವೆದಿತ್ತು, ತಿರುವುಗಳ ಲೆಕ್ಕ ಮಾತ್ರ ಎರಡಕ್ಕಿಂತ ಕೆಳಗಿಳಿಯಲಿಲ್ಲ. ಏದುಸಿರು ಬಿಡುತ್ತಿರುವವನಿಗೆ ನಿಜ ಹೇಳಿ ಪಾಪ ಕಟ್ಟಿಕೊಳ್ಳುವುದೇಕೆ ಎಂಬ ದಯೆ ಅದು. ಅಷ್ಟು ದಯೆ ನನಗೆ ಬೇಕಿರಲಿಲ್ಲ.

ಎಂಟಿಬಿ ಹಿಮಾಲಯ ಎಂಬ ಈ ಮೌಂಟನ್ ಬೈಕ್ ರೇಸ್ ಶುರುವಾದದ್ದು 2005ರಲ್ಲಿ. ದಿನಕ್ಕೊಂದು ಹಂತ, ಎಲ್ಲ ದಿನಗಳ ಸಮಯ ಕೂಡಿದಾಗ ಯಾರದು ಕಡಿಮೆಯೋ ಅವರೇ ಗೆದ್ದಂತೆ. ಬೆಂಗಳೂರಿನ ಸೈಕಲ್ ಮಂದಿ ಇಂಥದ್ದಕ್ಕೆಲ್ಲ ಅಭ್ಯಾಸ ಮಾಡುವುದು ನಂದಿ ಬೆಟ್ಟದಲ್ಲಿ. ಅದು 1,478 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930. ರೇಸ್ ಹೊರಟ ಶಿಮ್ಲಾ ಊರೇ ಅದಕ್ಕಿಂತ ಎತ್ತರದಲ್ಲಿದೆ! ಇನ್ನು ಜಲೋಡಿ ಸುಮಾರು 3,120 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಶೇ 70ರಷ್ಟು ಮಾತ್ರ. ಉಳಿದ ಶೇ 30 ಎಲ್ಲಿ ಎಂದು ಶ್ವಾಸಕೋಶಗಳು ವಿಚಾರಣೆ ಶುರುಮಾಡುತ್ತವೆ. ಮೊದಲ ಗೇರಿನಲ್ಲಿ ನರಳುತ್ತಾ ಬಂದ ಬಸ್ಸೊಂದು ನನ್ನನ್ನು ದಾಟಲು ಎಷ್ಟು ಹೊತ್ತು ತೆಗೆದುಕೊಂಡಿತೆಂದರೆ, ಕಿಟಕಿಯ ಪಕ್ಕದ ಹೆಂಗಸು ನನ್ನ ಊರು, ಕೆಲಸ, ಮಕ್ಕಳೆಷ್ಟು ಎಂಬುದನ್ನೆಲ್ಲ ಕೇಳಿ ಮುಗಿಸಿದರು. ಕೊನೆಗೆ, "ಒಳಗೆ ಸೀಟಿದೆ" ಎಂದರು.

ತುದಿಯಲ್ಲಿ ದೇವಿಯ ಗುಡಿ, ಎದುರಿಗೆ ಸಾಲು ಢಾಬಾಗಳು, ರಾಜ್ಮಾ ಅನ್ನದ ಘಮ. ರೇಸಿನಲ್ಲಿರುವವನು ಅಲ್ಲಿ ನಿಲ್ಲಬಾರದು. ಘಮ ಮಾತ್ರ ಎರಡು ಫರ್ಲಾಂಗು ಹಿಂದೆಯೇ ಬಂತು.

ಇನ್ನೇನು ಇಳಿಜಾರು, ಸುಖ ಎಂದುಕೊಳ್ಳುವವರು ಸೈಕಲ್ಲಿನಲ್ಲಿ ಬೆಟ್ಟ ಇಳಿದವರಲ್ಲ. ಶೋಜಾ ಕಡೆಯ ಇಳಿಜಾರಿನಲ್ಲಿ ಕಾಲಿಗೆ ರಜೆ, ಕೆಲಸವೆಲ್ಲ ಎರಡು ತೋರುಬೆರಳುಗಳದ್ದು. ಬ್ರೇಕ್ ಹಿಡಿದೂ ಹಿಡಿದೂ ಡಿಸ್ಕ್ ಕಾದು ಸುಟ್ಟ ವಾಸನೆ ಬರುತ್ತದೆ, ಮುಂಗೈ ಮರಗಟ್ಟುತ್ತದೆ. ಹತ್ತುವಾಗ ಸುರಿದ ಬೆವರು ಇಳಿಯುವಾಗ ಬೆನ್ನ ಮೇಲೆ ತಣ್ಣಗೆ ಮಂಜುಗಟ್ಟಿದಂತಾಗುತ್ತದೆ.

ದೇವದಾರು ಮರಗಳ ನಡುವಿನ ಒಂದು ತಿರುವಿನಲ್ಲಿ ರಸ್ತೆಯೇ ಇರಲಿಲ್ಲ; ಇದ್ದದ್ದು ಕುರಿಗಳು. ಚಳಿಗಾಲಕ್ಕೆ ಮುನ್ನ ಗದ್ದಿ ಬುಡಕಟ್ಟಿನ ಕುರಿಗಾಹಿಗಳು ಎತ್ತರದ ಹುಲ್ಲುಗಾವಲುಗಳಿಂದ ಮಂದೆಯನ್ನು ತಗ್ಗಿನ ಊರುಗಳಿಗೆ ಹೊಡೆದುಕೊಂಡು ಹೋಗುವ ಕಾಲ ಅದು. ನಡುವೆ ಮುಳ್ಳಿನ ಕಬ್ಬಿಣದ ಪಟ್ಟಿ ತೊಟ್ಟ ನಾಯಿ. ಚಿರತೆ ಕುತ್ತಿಗೆಗೆ ಬಾಯಿ ಹಾಕದಿರಲೆಂದು ತೊಡಿಸುವ ಪಟ್ಟಿ. ಚಿರತೆಗೇ ಹೆದರದ ಆ ನಾಯಿಯ ಮುಂದೆ ಬೆಲ್ ಹೊಡೆಯುವ ಧೈರ್ಯ ಯಾರಿಗಿದೆ? ಬಂಡೆಗೆ ಒತ್ತಿಕೊಂಡು ನಿಂತೆ. ನನಗೂ ಬಂಡೆಗೂ ನಡುವೆ ಜಾಗವಿದೆಯೆಂದು ಒಂದು ಹೋತಕ್ಕೆ ಅನ್ನಿಸಿತು. ಸೈಕಲ್ ಉರುಳಿತು.

ಸೈಕಲ್ ಎಡಕ್ಕೆ ಬಿದ್ದರೆ ಬಣ್ಣ ಕಿತ್ತುಹೋಗುತ್ತದೆ, ಅಷ್ಟೇ. ಬಲಕ್ಕೆ ಬಿದ್ದರೆ ಗೇರು ಬದಲಿಸುವ ಡೀರೈಲರ್ ಕೆಳಗಾಗುತ್ತದೆ. ಅದನ್ನು ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರ್ ಹೆಬ್ಬೆರಳಿನಷ್ಟು ದೊಡ್ಡ ಅಲ್ಯೂಮಿನಿಯಂ ತುಂಡು. ಚೌಕಟ್ಟು ಉಳಿಯಲಿ ಎಂದು ತಾನು ಮುರಿಯುವುದೇ ಅದರ ಕೆಲಸ. ಕೆಲಸವನ್ನು ಅದು ಶ್ರದ್ಧೆಯಿಂದ ಮಾಡಿತ್ತು.

ಕುರಿಗಾಹಿ ಹಿರಿಯರು ನೊಂದುಕೊಂಡರು. ಸೊಂಟಕ್ಕೆ ಸುತ್ತಿದ್ದ ಕರಿ ಉಣ್ಣೆಯ ಹಗ್ಗ, ಅವರ ಡೋರಾ, ಬಿಚ್ಚತೊಡಗಿದರು, ಮುರಿದದ್ದನ್ನು ಕಟ್ಟಿಕೊಡಲು. ಇಂಥ ರೇಸಿನಲ್ಲಿ ಹೊರಗಿನವರ ನೆರವು ಪಡೆಯುವಂತಿಲ್ಲ ಎಂದೆ. "ಯಾರು ನೋಡುತ್ತಾರೆ?" ಎಂದು ಸುತ್ತಲೂ ನೋಡಿದರು. ನೂರಾರು ಕುರಿಗಳು ನೋಡುತ್ತಿದ್ದವು. ಚೈನ್ ಟೂಲ್ ತೆಗೆದು, ಚೈನಿನ ಕೊಂಡಿಗಳನ್ನು ಕಳಚಿ, ಗಿಡ್ಡ ಮಾಡಿ, ಒಂದೇ ಗೇರಿನ ಸೈಕಲ್ ಮಾಡಿಕೊಂಡೆ. ಮರಗಟ್ಟಿದ ಬೆರಳಲ್ಲಿ ಆ ಸೂಜಿಯಷ್ಟು ಪಿನ್ ಕೂರಿಸುವಾಗ ಆಡಿದ ಮಾತುಗಳು ಕನ್ನಡದಲ್ಲಿದ್ದದ್ದು ಎಲ್ಲರಿಗೂ ಕ್ಷೇಮವಾಯಿತು.

ಬಂಜಾರ್ ಕಡೆಯ ಶಿಬಿರ ಮುಟ್ಟಿದಾಗ ಹಂತ ಗೆದ್ದ ಸ್ಥಳೀಯ ಹುಡುಗ ಸ್ನಾನ ಮಾಡಿ, ಉಂಡು, ಒಂದು ನಿದ್ದೆ ತೆಗೆದು ಎದ್ದು ಬಂದು ನನಗೆ ಚಪ್ಪಾಳೆ ತಟ್ಟಿದ. ಹೋತದ ವಿಷಯ ಹೇಳಿದೆ. ಹುಡುಗ ನಗಲಿಲ್ಲ. "ಅವು ಯಾರದಿರಬಹುದು?" ಎಂದು ಗಂಭೀರವಾಗಿ ಯೋಚಿಸಿದ, ಅವನ ಚಿಕ್ಕಪ್ಪನ ಬಳಿಯೂ ಕುರಿಗಳಿದ್ದವಂತೆ.

ಮೆಕ್ಯಾನಿಕ್ಕಿನ ಡಬ್ಬಿಯಲ್ಲಿ ತರಹೇವಾರಿ ಹ್ಯಾಂಗರುಗಳಿದ್ದವು. ಸೈಕಲ್ ಕಂಪನಿಗಳು ಎಷ್ಟೋ ಮಾದರಿಗಳಿಗೆ ಬೇರೆ ಬೇರೆ ಆಕಾರದ್ದನ್ನು ಮಾಡುತ್ತವೆ. ಯಾಕೆಂದು ಕೇಳಿದರೆ ಅವಕ್ಕೂ ಗೊತ್ತಿರಲಾರದು. ಯಾವುದೂ ನನ್ನದಕ್ಕೆ ಹೊಂದಲಿಲ್ಲ. ಆಗ ಅವನು ದನಿ ತಗ್ಗಿಸಿ, ಕೊನೆಯ ಗುಡಾರದಲ್ಲಿ ಪುಣೆಯವರೊಬ್ಬರು ಮಧ್ಯಾಹ್ನವೇ ಜ್ವರದಿಂದ ರೇಸ್ ಬಿಟ್ಟಿದ್ದಾರೆಂದೂ ಅವರದೂ ನಿಮ್ಮದೇ ಮಾದರಿಯೆಂದೂ ತಿಳಿಸಿದ. ಹೋದೆ. ಕಂಬಳಿಯ ಕೆಳಗಿನಿಂದ ಮುಖವಷ್ಟೇ ಕಾಣುತ್ತಿತ್ತು. ಹಣೆ ಮುಟ್ಟಿ ನೋಡಿದೆ, ಮಾತ್ರೆ ತೆಗೆದುಕೊಂಡಿರಾ ಎಂದು ವಿಚಾರಿಸಿದೆ, ಬಿಸಿನೀರು ತಂದುಕೊಟ್ಟೆ.

"ಸ್ಕ್ರೂ ಕಳೆಯಬೇಡಿ" ಎಂದರು ಅವರು, ಕಣ್ಣು ತೆರೆಯದೆ. "ನಿಮಗಿಂತ ಮುಂಚೆ ಇಬ್ಬರು ಬಂದು ಟೈರು, ಸೀಟು ಒಯ್ದಿದ್ದಾರೆ."